ಬಿಚ್ಚುತ್ತದೆ, ಮಡಚುವುದಿಲ್ಲ: ಬಾಹ್ಯಾಕಾಶ ನಿಲ್ದಾಣದ ಸೌರ ರೆಕ್ಕೆಯ ಮಾದರಿಗೆ ಸಮಗ್ರ ಮಾರ್ಗದರ್ಶಿ

ವಿಜ್ಞಾನ ವಸ್ತುಪ್ರದರ್ಶನಕ್ಕೆ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದ ಸೌರ ರೆಕ್ಕೆಯ ಮಾದರಿ ಮಾಡಿಕೊಂಡು ಬರುವ ತಂಡಗಳನ್ನು ಗದಗದಲ್ಲೂ ಧಾರವಾಡದಲ್ಲೂ ಹಲವು ಬಾರಿ ನೋಡಿದ್ದೇನೆ. ಎಲ್ಲರ ಕಥೆಯೂ ಒಂದೇ. ಬಿಚ್ಚುವುದು ಚೆನ್ನಾಗಿಯೇ ಆಗುತ್ತದೆ. ತೀರ್ಪುಗಾರರು ‘ಈಗ ಮಡಚಿ ನೋಡೋಣ’ ಎಂದ ಕೂಡಲೇ ಹಾಳೆ ನಡುವೆ ಉಬ್ಬುತ್ತದೆ, ಹುಡುಗ ಗಾಬರಿಯಾಗಿ ಜೋರಾಗಿ ಎಳೆಯುತ್ತಾನೆ, ದಾರ ಕಿತ್ತು ಬರುತ್ತದೆ. ನಮ್ಮ ಶಾಲೆಯ ತಂಡವೂ ಎರಡು ವರ್ಷ ಹೀಗೆಯೇ ತಲೆ ತಗ್ಗಿಸಿ ಬಂದಿತು. ಮೂರನೆಯ ವರ್ಷ ಮಾಡಿದ ಮಾದರಿ ಪ್ರಯೋಗಾಲಯದ ಕಪಾಟಿನಲ್ಲಿದೆ. ಇಂದಿಗೂ ಮಡಚುತ್ತದೆ.

ವ್ಯತ್ಯಾಸ ಬಂದದ್ದು ಮೋಟರಿನಿಂದ ಅಲ್ಲ. ಮೋಟರನ್ನು ನಾವು ಕಿತ್ತೇ ಹಾಕಿದೆವು.

ಮಾಡಹೊರಟಿರುವುದು ಏನು

ನಿಲ್ದಾಣದಲ್ಲಿ ಮೊದಲಿನಿಂದ ಇರುವ ದೊಡ್ಡ ರೆಕ್ಕೆಗಳು ಎಂಟು. ಒಂದೊಂದೂ ಸುಮಾರು 35 ಮೀಟರ್ ಉದ್ದ, 12 ಮೀಟರ್ ಅಗಲ. ನಡುವೆ ಒಂದು ಮಡಚುವ ಕಂಬ, ಅದರ ಎರಡು ಬದಿಗೆ ಎರಡು ತೆಳು ಹಾಳೆ, ಹಾಳೆಗಳ ಮೇಲೆ ಒಟ್ಟು 32,800 ಸೌರಕೋಶ. ಇಷ್ಟೂ ಮಡಚಿಕೊಂಡರೆ ಅರ್ಧ ಮೀಟರ್ ದಪ್ಪದ ಪೆಟ್ಟಿಗೆಯಲ್ಲಿ ಅಡಗುತ್ತದೆ. ಹಾಳೆ ಅಡ್ಡಾದಿಡ್ಡಿ ಹೋಗದಂತೆ ಅದರ ಉದ್ದಕ್ಕೂ ಮಾರ್ಗದರ್ಶಿ ತಂತಿಗಳಿವೆ. ಮಡಿಕೆಗಳಲ್ಲಿರುವ ಪುಟ್ಟ ಲೋಹದ ಕಣ್ಣುಗಳ ಮೂಲಕ ಅವು ಹಾದುಹೋಗುತ್ತವೆ. ತೊಂದರೆಯೆಲ್ಲ ಆ ಕಣ್ಣು ಮತ್ತು ತಂತಿಯ ನಡುವೆ. ಅಲ್ಲಿಯೂ ಅಷ್ಟೇ, ನಿಮ್ಮ ಮೇಜಿನ ಮೇಲೂ ಅಷ್ಟೇ.

ನಾವು ಮಾಡುವುದು ಅರವತ್ತಕ್ಕೆ ಒಂದರ ಅಳತೆ: ಉದ್ದ 60 ಸೆಂ.ಮೀ., ಅಗಲ 20 ಸೆಂ.ಮೀ. ಇದಕ್ಕಿಂತ ದೊಡ್ಡದು ಮಾಡುವ ಆಸೆ ಬೇಡ. ಮೀಟರ್ ಉದ್ದದ ರೆಕ್ಕೆ ತನ್ನ ಭಾರಕ್ಕೇ ಜೋತುಬೀಳುತ್ತದೆ.

ಹಂತ 1: ಸಾಮಾನು ಹೊಂದಿಸುವುದು

ಹಾಳೆಗೆ: ಅರ್ಧ ಮಿಲಿಮೀಟರ್ ದಪ್ಪದ ಪ್ಲಾಸ್ಟಿಕ್ ಫೈಲ್ ನಾಲ್ಕು. ಮಡಿಕೆಗೆ: ಪುಸ್ತಕ ಕಟ್ಟುವವರು ಬಳಸುವ ತೆಳು ಬಟ್ಟೆಯ ಟೇಪು. ಕಂಬಕ್ಕೆ: ಮೇಜಿನ ಡ್ರಾಯರಿಗೆ ಹಾಕುವ, ಪೂರ್ತಿ ಹೊರಗೆ ಬರುವ 24 ಇಂಚಿನ ಚಾನೆಲ್ ಒಂದು. ಮಾರ್ಗದರ್ಶಿ ತಂತಿಗೆ: ಮೀನು ಗಾಳದ ನೈಲಾನ್ ದಾರ. ಕಣ್ಣಿಗೆ: ಸರ ಪೋಣಿಸುವವರು ಬಳಸುವ 5 ಮಿ.ಮೀ. ಉಂಗುರ 36. ಜೊತೆಗೆ ನಾಲ್ಕು ಶರ್ಟ್ ಗುಂಡಿ, ತೂಕಕ್ಕೆ ನಟ್ಟು ಬೋಲ್ಟು, ಬುಡಕ್ಕೆ ಒಂದು ಹಲಗೆ, ಮುಂದೆ ನಿಲ್ಲಿಸಲು 20 ಸೆಂ.ಮೀ. ಅಗಲದ ಇನ್ನೊಂದು ಹಲಗೆ, ಅಷ್ಟೇ ಉದ್ದದ ಮರದ ಪಟ್ಟಿ, ಬುಡದ ಹಲಗೆಯನ್ನು ಮೇಜಿಗೆ ಬಿಗಿಯಲು ಎರಡು ಕ್ಲಾಂಪು. ಹುಬ್ಬಳ್ಳಿಯವರಿಗೆ ದುರ್ಗದ ಬೈಲಿನ ಸುತ್ತ ಒಂದು ಮಧ್ಯಾಹ್ನ ಅಲೆದರೆ ಇದಿಷ್ಟೂ ಸಿಗಬೇಕು.

ಓಎಚ್‌ಪಿ ಹಾಳೆ, ಅಂದರೆ ಓವರ್‌ಹೆಡ್ ಪ್ರೊಜೆಕ್ಟರಿಗೆ ಬಳಸುವ ಪಾರದರ್ಶಕ ಹಾಳೆ, ತರಬೇಡಿ. ನೋಡಲು ಚೆಂದ, ಆದರೆ ಹತ್ತಾರು ಸಲ ಮಡಚುವುದರೊಳಗೆ ಗೆರೆಯಲ್ಲಿ ಸೀಳುತ್ತದೆ.

ಮೋಟರ್ ಬೇಡವೆನ್ನಲು ಕಾರಣವಿದೆ. ದಾರ ಸಿಕ್ಕಿಕೊಂಡಾಗ ಕೈಗೆ ಗೊತ್ತಾಗುತ್ತದೆ, ಮೋಟರಿಗೆ ಗೊತ್ತಾಗುವುದಿಲ್ಲ. ಅದು ಎಳೆಯುತ್ತಲೇ ಇರುತ್ತದೆ. ನಮ್ಮ ಮೊದಲ ವರ್ಷದ ರೆಕ್ಕೆ ಹರಿದದ್ದು ಸ್ವಿಚ್ಚಿನ ಮೇಲಿದ್ದ ಬೆರಳು ಮೇಲೇಳುವುದರೊಳಗೆ.

ಹಂತ 2: ಹಾಳೆ ಮತ್ತು ಮಡಿಕೆ

ಫೈಲನ್ನು 7.5 ಸೆಂ.ಮೀ. ಅಗಲ, 3 ಸೆಂ.ಮೀ. ಉದ್ದದ ಪಟ್ಟಿಗಳಾಗಿ ಕತ್ತರಿಸಿ. ಒಂದು ಹಾಳೆಗೆ 20 ಪಟ್ಟಿ, ಎರಡು ಹಾಳೆಗೆ 40. ಕತ್ತರಿಯಿಂದ ಬೇಡ, ಸ್ಟೀಲ್ ಪಟ್ಟಿ ಇಟ್ಟು ಬ್ಲೇಡಿನಿಂದ ಕೊಯ್ಯಿರಿ. ಒಂದು ಪಟ್ಟಿ ಒಂದು ಮಿಲಿಮೀಟರ್ ಸೊಟ್ಟಗಾದರೆ ಇಪ್ಪತ್ತನೆಯ ಪಟ್ಟಿ ತಲುಪುವಾಗ ಇಡೀ ಹಾಳೆ ಬಾಳೆಕಾಯಿಯಂತೆ ಬಾಗಿರುತ್ತದೆ.

ಒಂದು ಹಾಳೆಯಲ್ಲಿ 19 ಮಡಿಕೆ. 1, 3, 5 ಹೀಗೆ ಬೆಸ ಸಂಖ್ಯೆಯ ಮಡಿಕೆಗಳು ಮೇಲಕ್ಕೆ ಏಳಬೇಕು. 2, 4, 6 ಹೀಗೆ ಸಮ ಸಂಖ್ಯೆಯವು ಕೆಳಗೆ ಉಳಿಯಬೇಕು. ಟೇಪು ಯಾವಾಗಲೂ ಮಡಿಕೆಯ ಒಳಮೈಗೆ ಬರಬೇಕು, ಬಾಗಿಲ ತಿರುಗಣಿಯಂತೆ. ಅಂದರೆ ಮೇಲೇಳುವ ಮಡಿಕೆಗೆ ಹಾಳೆಯ ಕೆಳಮೈಯಲ್ಲಿ ಟೇಪು, ಕೆಳಗುಳಿಯುವ ಮಡಿಕೆಗೆ ಮೇಲ್ಮೈಯಲ್ಲಿ ಟೇಪು. ಎಲ್ಲ ಟೇಪನ್ನೂ ಒಂದೇ ಮೈಗೆ ಹಚ್ಚಿ ‘ಸರ್, ಒಂದು ಬಿಟ್ಟು ಒಂದು ಮಡಿಕೆ ಹಟ ಮಾಡುತ್ತದೆ’ ಎಂದು ಬರುವವರು ಪ್ರತಿ ವರ್ಷ ಇರುತ್ತಾರೆ. ಹಟ ಮಾಡುವುದು ಮಡಿಕೆಯಲ್ಲ, ತಪ್ಪು ಮೈಗೆ ಹಚ್ಚಿದ ಟೇಪು.

ಪಟ್ಟಿಗಳ ನಡುವೆ ಒಂದು ಮಿಲಿಮೀಟರ್ ಸಂದು ಬಿಡಿ. ಹಾಗೆಯೇ 12ನೆಯ ಮಡಿಕೆಯ ಎರಡೂ ಬದಿಯ ಪಟ್ಟಿಗಳಲ್ಲಿ ಎದುರುಬದುರಾಗಿ ಮೂರು ಜೊತೆ ಸಣ್ಣ ತೂತು ಈಗಲೇ ಮಾಡಿಟ್ಟುಕೊಳ್ಳಿ. ಏಕೆಂದು 7ನೆಯ ಹಂತದಲ್ಲಿ ತಿಳಿಯುತ್ತದೆ.

ಹಾಳೆ ಸಿದ್ಧವಾದ ಮೇಲೆ ಮಡಚಿ, ಮೇಲೆ ದಪ್ಪ ನಿಘಂಟು ಹೇರಿ ಒಂದು ರಾತ್ರಿ ಬಿಡಿ. ಮಡಿಕೆಗೆ ನೆನಪು ಬರಬೇಕು. ಪ್ರದರ್ಶನದ ದಿನದವರೆಗೂ ರೆಕ್ಕೆಯನ್ನು ಮಡಚಿಯೇ ಇಡಿ. ಚೆಂದ ಕಾಣುತ್ತದೆಂದು ವಾರಗಟ್ಟಲೆ ಬಿಚ್ಚಿ ಗೋಡೆಗೆ ಒರಗಿಸಿದರೆ ಮಡಿಕೆ ಮರೆಯುತ್ತದೆ. 2006ರಲ್ಲಿ ನಿಲ್ದಾಣದಲ್ಲಿ ಮಡಚಲು ಹೊರಟ ರೆಕ್ಕೆ ಆರು ವರ್ಷ ಬಿಚ್ಚಿಯೇ ಇತ್ತು.

ಹಂತ 3: ಉಂಗುರ ಮತ್ತು ದಾರ

ಅವಸರ ಮಾಡಬಾರದ ಹಂತವಿದು. ಕೆಳಗುಳಿಯುವ ಒಂಬತ್ತು ಮಡಿಕೆಗಳ ತಳಕ್ಕೆ, ಎರಡೂ ಅಂಚಿನಲ್ಲಿ, ಒಂದೊಂದು ಉಂಗುರವನ್ನು ಹೊಲಿಗೆ ದಾರದಿಂದ ಸಡಿಲವಾಗಿ ಕಟ್ಟಿ. ಉಂಗುರ ಅತ್ತಿತ್ತ ತೂಗಾಡಬೇಕು. ಅಂಟು ಹಾಕಿ ಭದ್ರ ಮಾಡಿದರೆ ಹಾಳೆ ಬಿಚ್ಚಿಕೊಂಡಾಗ ಒಂದು ಕೋನ, ಮಡಚಿಕೊಂಡಾಗ ಇನ್ನೊಂದು ಕೋನ, ನಡುವೆ ಎಲ್ಲೋ ಒಂದು ಕಡೆ ದಾರವನ್ನು ಕಚ್ಚಿ ಹಿಡಿಯುತ್ತದೆ.

ಈ ಉಂಗುರಗಳು ತಂತಿಯನ್ನು ಬಾಗಿಸಿ ಮಾಡಿದವು, ಹಾಗಾಗಿ ತುದಿಗಳು ಸೇರುವಲ್ಲಿ ಕೂದಲೆಳೆಯ ಸಂದು ಇರುತ್ತದೆ. ಕಣ್ಣಿಗೆ ಕಾಣುವುದಿಲ್ಲ, ನೈಲಾನ್ ದಾರಕ್ಕೆ ಮಾತ್ರ ಚೆನ್ನಾಗಿ ಗೊತ್ತು. ಇಕ್ಕಳದಿಂದ ಒತ್ತಿ, ಸಂದಿಗೆ ಒಂದು ತೊಟ್ಟು ಉಗುರುಬಣ್ಣ ಹಚ್ಚಿ ಒಣಗಿಸಿ. ಆಮೇಲೆ ಪ್ರತಿ ಉಂಗುರದ ಒಳಗೂ ದಾರದ ತುಂಡೊಂದನ್ನು ಹತ್ತು ಸಲ ಆಡಿಸಿ ನೋಡಿ. ಮೂವತ್ತಾರು ಉಂಗುರಕ್ಕೆ ಒಂದು ಸಂಜೆ ಬೇಕು. ಎರಡನೆಯ ವರ್ಷ ನಾವು ಈ ಸಂಜೆಯನ್ನು ಉಳಿಸಲು ಹೋಗಿ ಬಹುಮಾನ ಕಳೆದುಕೊಂಡೆವು.

ಉಂಗುರಗಳು ಒಂದೇ ಗೆರೆಯಲ್ಲಿ ಇವೆಯೇ ಎಂದು ನೋಡಲು ಹಾಳೆಯನ್ನು ಪೂರ್ತಿ ಮಡಚಿ, ಉಂಗುರಗಳ ಸಾಲಿನ ಮೂಲಕ ಒಂದು ಕಣ್ಣು ಮುಚ್ಚಿ ನೋಡಿ. ಆಚೆಯ ಬೆಳಕು ದುಂಡಗೆ ಕಂಡರೆ ಸರಿ. ಅರ್ಧಚಂದ್ರ ಕಂಡರೆ ಯಾವುದೋ ಒಂದು ಉಂಗುರ ಸರಿದಿದೆ.

ಬೆಟಗೇರಿಯಲ್ಲಿ ನೇಕಾರರ ಮನೆಯ ಹುಡುಗಿಯೊಬ್ಬಳು ನಮ್ಮ ತಂಡದಲ್ಲಿದ್ದಳು. ಅವಳ ಅಜ್ಜ ಇದನ್ನೆಲ್ಲ ಬಹಳ ಹೊತ್ತು ನೋಡುತ್ತ ಕುಳಿತಿದ್ದರು. ಕೊನೆಗೆ ‘ತಂಗಿ, ಎಳೆ ಸಿಕ್ಕುಬಿದ್ದರೆ ಮೊದಲು ಸಡಿಲ ಬಿಡಬೇಕು, ಆಮೇಲೆ ಹುಡುಕಬೇಕು. ನೀನು ಎಳೆದು ಹುಡುಕುತ್ತಿದ್ದೀಯಲ್ಲ’ ಎಂದರು. 6ನೆಯ ಹಂತದ ಮುಕ್ಕಾಲು ಪಾಲು ಅಜ್ಜನ ಈ ಮಾತೇ.

ಹಂತ 4: ಕಂಬ ಮತ್ತು ತೂಕ

ನಿಜವಾದ ಕಂಬ ಅಂಕಣ ಅಂಕಣವಾಗಿ ಪೆಟ್ಟಿಗೆಯಿಂದ ಎದ್ದು ಬರುತ್ತದೆ, ಒಟ್ಟು ಮೂವತ್ತೊಂದೂವರೆ ಅಂಕಣ. ಅದನ್ನು ಹಾಗೆಯೇ ಮಾಡಲು ಹೋಗಿ ತಿಂಗಳು ಕಳೆಯಬೇಡಿ. ಡ್ರಾಯರ್ ಚಾನೆಲ್ ಸಾಕು. ಅದರ ಅಗಲದ ಮೈ ನೆಟ್ಟಗೆ ನಿಲ್ಲುವಂತೆ ಹಲಗೆಗೆ ಬಿಗಿಯಿರಿ, ಆ ಮೈ ಮಲಗುವಂತೆ ಅಲ್ಲ. ಮಲಗಿಸಿದರೆ ಪೂರ್ತಿ ಹೊರಬಂದಾಗ ತುದಿ ಬಾಗುತ್ತದೆ. ಪಕ್ಕದಲ್ಲಿ 2 ಸೆಂ.ಮೀ.ಗೆ ಒಂದರಂತೆ ಗೆರೆ ಎಳೆದು 1ರಿಂದ 30ರವರೆಗೆ ಬರೆಯಿರಿ. ಇವೇ ನಿಮ್ಮ ಅಂಕಣಗಳು.

ಹಲಗೆಯನ್ನು ಮೇಜಿಗೆ ಕ್ಲಾಂಪಿನಿಂದ ಬಿಗಿದು, 20 ಸೆಂ.ಮೀ. ಅಗಲದ ಇನ್ನೊಂದು ಹಲಗೆಯನ್ನು ಅದರ ಮುಂದೆ, ಮೇಜಿನ ಅಂಚಿನಿಂದ ತುಸು ಹೊರಗೆ ನಿಲ್ಲಿಸಿ, ಇದೇ ಮುಖಹಲಗೆ. ಚಾನೆಲ್ ಅದರ ನಡುವಿನ ಸೀಳಿನಿಂದ ಹೊರಬರಲಿ. ರೆಕ್ಕೆ ಮೇಜಿನ ಆಚೆ, ಗಾಳಿಯಲ್ಲಿ ಚಾಚಬೇಕು. ಚಾನೆಲಿನ ತುದಿಗೆ 20 ಸೆಂ.ಮೀ.ನ ಮರದ ಪಟ್ಟಿಯನ್ನು ಅಡ್ಡಕ್ಕೆ ಸ್ಕ್ರೂ ಮಾಡಿ. ಹಾಳೆಯ ಒಂದು ತುದಿ ಮುಖಹಲಗೆಗೆ, ಇನ್ನೊಂದು ತುದಿ ಈ ಪಟ್ಟಿಗೆ.

ದಾರಗಳು ನಾಲ್ಕು. ಪ್ರತಿಯೊಂದೂ ತುದಿಪಟ್ಟಿಯಿಂದ ಹೊರಟು, ಉಂಗುರಗಳೊಳಗೆ ಹಾದು, ಮುಖಹಲಗೆಯ ತೂತಿನಲ್ಲಿ ಕೂರಿಸಿದ ಶರ್ಟ್ ಗುಂಡಿಯ ಕಣ್ಣಿನಿಂದ ಇಳಿದು, ಕೆಳಗೆ 100 ಗ್ರಾಂ ತೂಕವನ್ನು ಹೊತ್ತು ನೇತಾಡಲಿ. ಗುಂಡಿ ಏಕೆಂದರೆ ಅದರ ಕಣ್ಣು ನುಣುಪು. ಮರದ ತೂತು ದಾರವನ್ನು ಸವೆಸುತ್ತದೆ. ರೆಕ್ಕೆ ಪೂರ್ತಿ ಬಿಚ್ಚಿದಾಗ ತೂಕ ಮುಖಹಲಗೆಗಿಂತ 5 ಸೆಂ.ಮೀ. ಕೆಳಗಿದ್ದರೆ ಮಡಚಿದಾಗ 65 ಸೆಂ.ಮೀ. ಕೆಳಗೆ ಬರುತ್ತದೆ. ಗಿಡ್ಡ ಮೇಜಾದರೆ ತೂಕ ನೆಲಕ್ಕೆ ತಾಗಿ ದಾರ ಸಡಿಲವಾಗುತ್ತದೆ, ಆಮೇಲಿನದು ಗೋಜಲು.

ನಾಲ್ಕೂ ತೂಕಕ್ಕೆ ನಾಲ್ಕು ಬಣ್ಣದ ಕಾಗದ ಸುತ್ತಿ. ಇದು ಅಲಂಕಾರಕ್ಕಲ್ಲ.

‘ಅಂತರಿಕ್ಷದಲ್ಲಿ ತೂಕ ಹೇಗೆ ನೇತಾಡುತ್ತದೆ?’ ಎಂದು ತೀರ್ಪುಗಾರರು ಖಂಡಿತ ಕೇಳುತ್ತಾರೆ. ನೇತಾಡುವುದಿಲ್ಲ. ಅಲ್ಲಿ ಸ್ಪ್ರಿಂಗ್ ಇರುವ ರೀಲು ತಂತಿಯನ್ನು ಎಳೆದು ಹಿಡಿಯುತ್ತದೆ. ಗದಗದಲ್ಲಿ ಗುರುತ್ವ ಪುಕ್ಕಟೆ ಸಿಗುವುದರಿಂದ ನಾವು ಅದನ್ನು ಬಳಸಿದ್ದೇವೆ ಎಂದು ಹೇಳಿ.

ಹಂತ 5: ಬಿಚ್ಚುವುದು

ಚಾನೆಲನ್ನು ಅರ್ಧಕ್ಕೆ, ಅಂದರೆ 15ನೆಯ ಅಂಕಣದವರೆಗೆ ಮಾತ್ರ ತಳ್ಳಿ. ನಿಲ್ಲಿಸಿ. ಐದು ನಿಮಿಷ ಕಾಯಿರಿ. ಆಮೇಲೆ ಉಳಿದರ್ಧ.

ಬಹಳ ದಿನ ಒತ್ತಿ ಇಟ್ಟ ಪಟ್ಟಿಗಳು ಒಂದಕ್ಕೊಂದು ಅಂಟಿಕೊಂಡಿರುತ್ತವೆ, ಟೇಪಿನ ಅಂಚಿನಿಂದ ಒಸರುವ ಗೋಂದಂತೂ ಇದ್ದೇ ಇರುತ್ತದೆ. ಒಂದೇ ಉಸಿರಿಗೆ ಎಳೆದರೆ ಎರಡು ಮೂರು ಪಟ್ಟಿ ಒಟ್ಟಿಗೆ ಬಂದು ಫಟ್ಟೆಂದು ಬಿಡುತ್ತವೆ, ದಾರ ಎಗರಿ ಗುಂಡಿಯ ಆಚೆ ಸಿಕ್ಕಿಕೊಳ್ಳುತ್ತದೆ. 2000ದ ಡಿಸೆಂಬರಿನಲ್ಲಿ ನಿಲ್ದಾಣದ ಮೊದಲ ಜೋಡಿ ರೆಕ್ಕೆಗಳಲ್ಲಿ ಒಂದನ್ನು ಬಿಚ್ಚಿದಾಗ ಹೀಗೆಯೇ ಆಯಿತು. ಅಂಟಿದ ಪಟ್ಟಿಗಳು ಒಮ್ಮೆಲೆ ಬಿಟ್ಟು, ಹಾಳೆಯನ್ನು ಬಿಗಿಹಿಡಿಯುವ ತಂತಿ ತನ್ನ ರೀಲಿನಿಂದ ಜಾರಿತು. ಗಗನಯಾತ್ರಿಗಳಾದ ಜೋ ಟ್ಯಾನರ್ ಮತ್ತು ಕಾರ್ಲೋಸ್ ನೊರೀಗಾ ಹೊರಗೆ ಹೋಗಿ ಸರಿಪಡಿಸಬೇಕಾಯಿತು. 2006ರ ಸೆಪ್ಟೆಂಬರಿನಲ್ಲಿ ಹೊಸ ಜೋಡಿಯನ್ನು ಬಿಚ್ಚುವಾಗ ಅರ್ಧಕ್ಕೆ ನಿಲ್ಲಿಸಿ, ಬಿಸಿಲಿಗೆ ಅರ್ಧ ಗಂಟೆ ಕಾಯಿಸಿ ಮುಂದುವರಿದರು. ಚಳಿಗಾಲದ ಬೆಳಿಗ್ಗೆ ನೀವೂ ರೆಕ್ಕೆಯನ್ನು ಹತ್ತು ನಿಮಿಷ ಬಿಸಿಲಲ್ಲಿ ಇಟ್ಟು ಒಳಗೆ ತನ್ನಿ.

ಹಂತ 6: ಮಡಚುವುದು

ಒಂದು ಸಲಕ್ಕೆ ಒಂದೇ ಅಂಕಣ. ಎರಡಲ್ಲ. ಒಬ್ಬರು ಚಾನೆಲ್ ಹಿಡಿಯಲಿ, ಇನ್ನೊಬ್ಬರು ಪಕ್ಕದಿಂದ ಹಾಳೆಯನ್ನು, ಮೂರನೆಯವರು ಕೆಳಗೆ ತೂಕಗಳನ್ನು ನೋಡಲಿ. ‘ನಿಲ್ಲಿಸು’ ಎಂದು ಯಾರು ಹೇಳಿದರೂ ಕೈ ನಿಲ್ಲಬೇಕು, ಕಾರಣ ಆಮೇಲೆ ಕೇಳಬೇಕು.

ಸರಿಯಾಗಿ ನಡೆಯುತ್ತಿದ್ದರೆ ಮಡಿಕೆಗಳು ಹಾರ್ಮೋನಿಯಮ್ಮಿನ ತಿದಿಯಂತೆ ಒಟ್ಟಿಗೆ, ಸಮವಾಗಿ ಏಳುತ್ತವೆ. ಸಂಗೀತ ಕಲಿಸುವ ಪುಣ್ಯಾಶ್ರಮದ ಊರಾದ ಗದಗದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಅಪಾಯದ ಗುರುತುಗಳು ಇವು:

ಮೊದಲನೆಯದು ತೂಕ. ತುದಿಪಟ್ಟಿ 2 ಸೆಂ.ಮೀ. ಒಳಬಂದರೆ ನಾಲ್ಕೂ ತೂಕ 2 ಸೆಂ.ಮೀ. ಇಳಿಯಬೇಕು. ಮೂರು ಇಳಿದು ಹಳದಿ ಮಾತ್ರ ನಿಂತಿದ್ದರೆ ಹಳದಿ ದಾರವನ್ನು ಯಾವುದೋ ಉಂಗುರ ಕಚ್ಚಿದೆ. ಹಾಳೆ ಉಬ್ಬುವುದಕ್ಕೆ ಮೊದಲೇ ಇದು ಗೊತ್ತಾಗುತ್ತದೆ. ಬಣ್ಣದ ಕಾಗದ ಇದಕ್ಕಾಗಿ.

ಎರಡನೆಯದು ತಲೆಕೆಳಗಾದ ಮಡಿಕೆ. ಮೇಲೇಳಬೇಕಾದದ್ದು ಕೆಳಕ್ಕೆ ಬಾಗಿದರೆ ಅದರ ಅಕ್ಕಪಕ್ಕದವೂ ಮುಂದಿನ ಅಂಕಣದಲ್ಲಿ ಅದರ ದಾರಿಯನ್ನೇ ಹಿಡಿಯುತ್ತವೆ.

ಮೂರನೆಯದು ಸದ್ದು. ‘ಟಿಕ್’ ಎಂದರೆ ಉಂಗುರ ಜಿಗಿದಿದೆ. ಒಮ್ಮೆ ಪರವಾಗಿಲ್ಲ. ಒಂದೇ ಕಡೆಯಿಂದ ಎರಡನೆಯ ಸಲ ಬಂದರೆ ನಿಲ್ಲಿಸಿ.

ನಿಲ್ಲಿಸಿದ ಮೇಲೆ ಮಾಡಬೇಕಾದ ಕೆಲಸಕ್ಕೂ ಒಂದು ಕ್ರಮವಿದೆ. ಮೊದಲು ಒಂದು ಅಂಕಣ ಹಿಂದಕ್ಕೆ, ಅಂದರೆ ಹೊರಕ್ಕೆ ಬಿಡಿ. ಬಹುಪಾಲು ಸಿಕ್ಕುಗಳು ಇಷ್ಟಕ್ಕೇ ಬಿಡುತ್ತವೆ. ಬಿಡದಿದ್ದರೆ ಮುಖಹಲಗೆಯನ್ನು ಎರಡು ಬೆರಳಿನಿಂದ ಮೆಲ್ಲಗೆ ತಟ್ಟಿ. ಅದಕ್ಕೂ ಬಗ್ಗದಿದ್ದರೆ ಮಾತ್ರ ಕಸಬರಿಗೆಯ ಕಡ್ಡಿಯಿಂದ ಆ ಉಂಗುರವನ್ನು ದಾರದ ಗುಂಟ ಸರಿಸಿ. ಬೆರಳಿನಿಂದ ಹಾಳೆಯನ್ನು ಮುಟ್ಟುವುದು ಕೊನೆಯ ಉಪಾಯ. ಚಾನೆಲನ್ನು ಜೋರಾಗಿ ತಳ್ಳುವುದು ಉಪಾಯವೇ ಅಲ್ಲ.

ಇದೇ ಕ್ರಮದಲ್ಲಿ ನಿಲ್ದಾಣದ ಕೆಲಸವೂ ನಡೆಯಿತು. ಹೊಸ ಜೋಡಿ ರೆಕ್ಕೆಗಳು ಸೂರ್ಯನ ಕಡೆ ತಿರುಗಲು ಜಾಗ ಬೇಕಿತ್ತು, ಹಳೆಯದೊಂದನ್ನು ಮಡಚಬೇಕಿತ್ತು. 2006ರ ಡಿಸೆಂಬರ್ 13ರಂದು ಗಂಟೆಗಟ್ಟಲೆ, ನಲವತ್ತಕ್ಕೂ ಹೆಚ್ಚು ಸಲ ಆದೇಶ ಕೊಟ್ಟು ಒಳಕ್ಕೆ, ಹೊರಕ್ಕೆ, ಮತ್ತೆ ಒಳಕ್ಕೆ ಎಳೆದರೂ 17 ಅಂಕಣ ಹೊರಗೇ ಉಳಿಯಿತು. ನಿಲ್ದಾಣದೊಳಗೆ ವ್ಯಾಯಾಮ ಮಾಡಿದಾಗ ರೆಕ್ಕೆಗಳು ನಡುಗುವುದು ಗೊತ್ತಿತ್ತಾದ್ದರಿಂದ ಥಾಮಸ್ ರೈಟರ್ ಅವರಿಂದ ಜೋರಾಗಿ ವ್ಯಾಯಾಮ ಮಾಡಿಸಿಯೂ ನೋಡಿದರು. ಫಲ ಸಿಗಲಿಲ್ಲ, ಆದರೆ ಕೈ ಹಾಕುವ ಮೊದಲು ಅಲುಗಾಡಿಸಿ ನೋಡಿದ ಬುದ್ಧಿ ಮೆಚ್ಚಬೇಕಾದ್ದು. ಆಮೇಲೆ ರಾಬರ್ಟ್ ಕರ್ಬೀಮ್ ಮತ್ತು ಸುನೀತಾ ವಿಲಿಯಮ್ಸ್ ಹೊರಗೆ ಹೋಗಿ ಪೆಟ್ಟಿಗೆಯನ್ನು ತಳ್ಳಿ ಅಲುಗಿಸಿ ಇನ್ನಷ್ಟು ಮಡಚಿಸಿದರು. ಡಿಸೆಂಬರ್ 18ರಂದು ಕರ್ಬೀಮ್ ಮತ್ತು ಕ್ರಿಸ್ಟರ್ ಫುಗ್ಲೆಸಾಂಗ್ ಕೆಲಸ ಮುಗಿಸಿದರು. ಆರು ದಿನ ಹಿಡಿಯಿತು. ನಿಮಗೆ ಹದಿನೈದು ನಿಮಿಷ ಹಿಡಿದರೆ ಬೇಸರವೇಕೆ?

ಹಂತ 7: ಹರಿದದ್ದನ್ನು ಸರಿಪಡಿಸುವುದು

ಇದನ್ನು ಬೇಕೆಂದೇ ತೋರಿಸಿ. ಹರಿದ ರೆಕ್ಕೆಯನ್ನು ತೀರ್ಪುಗಾರರ ಎದುರೇ ಸರಿಪಡಿಸಿದ ತಂಡವನ್ನು ಯಾರೂ ಮರೆಯುವುದಿಲ್ಲ. ಒಂದು ಹಾಳೆಯ 12ನೆಯ ಮಡಿಕೆಯ ಟೇಪನ್ನು 3 ಸೆಂ.ಮೀ.ನಷ್ಟು ಕೊಯ್ದಿಡಿ.

ಕ್ರಮ ತಪ್ಪಬಾರದು. ಮೊದಲು ಆ ಬದಿಯ ಎರಡೂ ತೂಕಗಳನ್ನು ಕೈಯಲ್ಲಿ ಎತ್ತಿ ಹಿಡಿದು ದಾರ ಸಡಿಲ ಮಾಡಿ. ದಾರ ತೀರಾ ಗೋಜಲಾಗಿದ್ದರೆ ಸಡಿಲವಾದ ಮೇಲೆ ಕತ್ತರಿಸಿ. ಬಿಗಿಯಿದ್ದಾಗ ಕತ್ತರಿಸಿದರೆ ತೂಕ ಕಾಲ ಮೇಲೆ, ದಾರದ ತುದಿ ಮುಖದ ಮೇಲೆ. ಹಾಗಾಗಿ ಈ ಕೆಲಸಕ್ಕೆ ಕನ್ನಡಕ ಹಾಕಿಕೊಳ್ಳಿ.

ಈಗ ಕೊಂಡಿ. 4 ಸೆಂ.ಮೀ. ವೈರಿನ ಎರಡೂ ತುದಿಗೆ ಒಂದೊಂದು ಪುಟ್ಟ ಪ್ಲಾಸ್ಟಿಕ್ ಕಡ್ಡಿಯನ್ನು ಅಡ್ಡಕ್ಕೆ ಕಟ್ಟಿ. ಕಡ್ಡಿಯನ್ನು ಉದ್ದಕ್ಕೆ ತಿರುಗಿಸಿ ತೂತಿನೊಳಗೆ ತೂರಿಸಿ, ಆಚೆ ಹೋದ ಮೇಲೆ ಅಡ್ಡ ತಿರುಗಿಸಿದರೆ ವಾಪಸು ಬರುವುದಿಲ್ಲ. ಹರಿದ ಗೆರೆಯ ಒಂದು ಬದಿಯ ತೂತಿನಿಂದ ಎದುರು ಬದಿಯ ತೂತಿಗೆ ಒಂದು ಕೊಂಡಿ, ಒಟ್ಟು ಮೂರು. ಕೊಂಡಿ ಹರುಕನ್ನು ಮುಚ್ಚುವುದಿಲ್ಲ. ಹರುಕಿನ ಮೇಲೆ ಬೀಳುವ ಎಳೆತವನ್ನು ತಾನು ಹೊರುತ್ತದೆ. ಮಕ್ಕಳು ಇಲ್ಲಿ ಸೆಲ್ಲೋಟೇಪು ಹಚ್ಚಲು ಓಡುತ್ತಾರೆ. ಟೇಪು ಮಡಿಕೆಯನ್ನು ಗಡುಸು ಮಾಡುತ್ತದೆ, ಮುಂದಿನ ಸಲ ಅದರ ಪಕ್ಕದಲ್ಲೇ ಹರಿಯುತ್ತದೆ.

ಕೊಂಡಿ ಹಾಕಿದ ಮೇಲೆ, ದಾರ ಕತ್ತರಿಸಿದ್ದರೆ ಹೊಸದನ್ನು ಪೋಣಿಸಿ, ತೂಕವನ್ನು ನಿಧಾನವಾಗಿ ಇಳಿಬಿಟ್ಟು, ಅಂಕಣಕ್ಕೊಮ್ಮೆ ನಿಲ್ಲಿಸುತ್ತ ಬಿಚ್ಚಿ.

ಈ ಕೊಂಡಿ ನಮ್ಮ ಕಲ್ಪನೆಯಲ್ಲ. 2006ರಲ್ಲಿ ಕಷ್ಟಪಟ್ಟು ಮಡಚಿದ ಅದೇ ರೆಕ್ಕೆಯನ್ನು 2007ರ ಅಕ್ಟೋಬರ್ 30ರಂದು ಹೊಸ ಜಾಗದಲ್ಲಿ ಬಿಚ್ಚುವಾಗ ಮಾರ್ಗದರ್ಶಿ ತಂತಿ ಸಿಕ್ಕಿಕೊಂಡು ಹಾಳೆ ಎರಡು ಕಡೆ ಹರಿಯಿತು. ಬಿಚ್ಚುವುದನ್ನು ಅಲ್ಲಿಗೇ ನಿಲ್ಲಿಸಿದರು. ಒಳಗಿದ್ದ ಅಲ್ಯೂಮಿನಿಯಂ ಪಟ್ಟಿ, ವೈರುಗಳಿಂದಲೇ ಐದು ಕೊಂಡಿ ಮಾಡಿಕೊಂಡರು. ನವೆಂಬರ್ 3ರಂದು ಸ್ಕಾಟ್ ಪ್ಯಾರಜಿನ್ಸ್ಕಿ, ನಿಲ್ದಾಣದ ರೋಬಾಟ್ ಕೈಗೆ ಶಟಲ್ ನೌಕೆಯ ತಪಾಸಣೆಯ ಕೋಲನ್ನು ಸೇರಿಸಿ ಮಾಡಿದ ಉದ್ದದ ತುದಿಯಲ್ಲಿ ನಿಂತು, ತಂತಿ ಕತ್ತರಿಸಿ ಕೊಂಡಿಗಳನ್ನು ತೊಡಿಸಿದರು. ಡಗ್ಲಸ್ ವೀಲಾಕ್ ರೆಕ್ಕೆಯ ಬುಡದಲ್ಲಿದ್ದರು. 7 ಗಂಟೆ 19 ನಿಮಿಷದ ಕೆಲಸ.

ಬಿಸಿಲಿರುವಷ್ಟು ಹೊತ್ತು ಸೌರಕೋಶವನ್ನು ಆಫ್ ಮಾಡುವ ಸ್ವಿಚ್ಚಿಲ್ಲ. ಅಲ್ಲಿ ನೂರಕ್ಕೂ ಹೆಚ್ಚು ವೋಲ್ಟ್ ಹರಿಯುತ್ತಿತ್ತು, ಹಾಗಾಗಿ ಉಪಕರಣಗಳಿಗೆಲ್ಲ ವಿದ್ಯುತ್ ಹರಿಯದ ಟೇಪು ಸುತ್ತಿದ್ದರು. ಮಾದರಿಯ ಕಡ್ಡಿ, ಇಕ್ಕಳಕ್ಕೂ ಟೇಪು ಸುತ್ತಿ ತೋರಿಸಿ. ಊರಿನ ಹೊಲದ ಸೋಲಾರ್ ಪಂಪಿಗೂ ಇದೇ ಮಾತು ಅನ್ವಯಿಸುತ್ತದೆ, ಅದರ ವೈರನ್ನು ಹಗಲಲ್ಲಿ ಮುಟ್ಟಿ ಪರೀಕ್ಷಿಸಬೇಡಿ.

ಹಂತ 8: ಪ್ರದರ್ಶನದ ದಿನ

ಮಾದರಿಯಲ್ಲಿ ಬಲ್ಬು ಉರಿಯಬೇಕೆಂದು 6 ವೋಲ್ಟಿನ ಪುಟ್ಟ ಸೌರ ಫಲಕ ಇಡುವವರು ಅದನ್ನು ಹಾಳೆಯ ಮೇಲೆ ಅಂಟಿಸಬೇಡಿ, ಆ ಭಾರಕ್ಕೆ ಮಡಿಕೆ ತಿರುಚುತ್ತದೆ. ಮುಖಹಲಗೆಯ ಮೇಲಿರಲಿ. ಸಭಾಂಗಣದ ಎಲ್‌ಇಡಿ ಟ್ಯೂಬಿನ ಬೆಳಕಿಗೆ ಅದು ಬಲ್ಬು ಉರಿಯುವಷ್ಟು ಕೊಡುವುದಿಲ್ಲ. ಅಂಗಳದಲ್ಲಿ ಉರಿದದ್ದು ಒಳಗೆ ಉರಿಯಲಿಲ್ಲವೆಂದು ಅತ್ತವರನ್ನು ಕಂಡಿದ್ದೇನೆ. ಹಳೆಯ 60 ವ್ಯಾಟಿನ ತಂತಿಬಲ್ಬಿನ ಮೇಜುದೀಪ ಒಯ್ಯಿರಿ, ಪ್ಲಾಸ್ಟಿಕ್ಕಿನಿಂದ ಒಂದು ಗೇಣಾದರೂ ದೂರ ಇಡಿ.

‘ಇಷ್ಟು ತೊಂದರೆಯಾದರೆ ಚಾಪೆಯಂತೆ ಸುತ್ತಬಹುದಿತ್ತಲ್ಲ?’ ಎಂಬ ಪ್ರಶ್ನೆ ಬರುತ್ತದೆ. ಸುತ್ತಿಯೇ ಕಳಿಸಿದ್ದಾರೆ. 2021ರಿಂದ 2023ರ ನಡುವೆ ಸುರುಳಿ ಬಿಚ್ಚಿಕೊಳ್ಳುವ ಆರು ಹೊಸ ರೆಕ್ಕೆಗಳು ಹಳೆಯವುಗಳ ಮುಂದೆ ಬಂದು ಕೂತಿವೆ.

ಬಸ್ಸಿನಲ್ಲಿ ಒಯ್ಯುವಾಗ ರೆಕ್ಕೆ ಪೂರ್ತಿ ಮಡಚಿರಲಿ, ತೂಕಗಳನ್ನು ಬಿಚ್ಚಿ ಬೇರೆ ಚೀಲದಲ್ಲಿ ಹಾಕಿ, ದಾರದ ತುದಿಗಳನ್ನು ಮುಖಹಲಗೆಯ ಹಿಂದೆ ಟೇಪಿನಿಂದ ಅಂಟಿಸಿ. ತುದಿಪಟ್ಟಿಯನ್ನೂ ಮುಖಹಲಗೆಯನ್ನೂ ಸೇರಿಸಿ ಎರಡು ರಬ್ಬರ್ ಬ್ಯಾಂಡ್ ಹಾಕಿ. ಕೆಂಪು ಬಣ್ಣದ್ದೇ ಹಾಕಿ. ಮೂರನೆಯ ವರ್ಷ ನಮ್ಮದು ಕಪ್ಪಿತ್ತು, ಒಂದನ್ನು ತೆಗೆದು ಇನ್ನೊಂದನ್ನು ಮರೆತೆವು, ಹುಡುಗಿ ಚಾನೆಲ್ ತಳ್ಳಿದಾಗ ಬಲಬದಿ ಬರಲಿಲ್ಲ. ಅವಳು ತಳ್ಳುವುದನ್ನು ನಿಲ್ಲಿಸಿದಳು, ಒಂದು ಅಂಕಣ ಹಿಂದಕ್ಕೆ ಬಿಟ್ಟಳು, ಬಗ್ಗಿ ನೋಡಿದಳು. ಆಮೇಲೆ ಆ ಬ್ಯಾಂಡನ್ನು ತೆಗೆದು ಕೈಗೆ ಹಾಕಿಕೊಂಡು ‘ಈಗ ಮತ್ತೆ ಮೊದಲಿನಿಂದ, ಸರ್’ ಎಂದಳು.